ಧಾರವಾಡ-ಹುಬ್ಬಳ್ಳಿಯಲ್ಲಿ ರವಿವಾರ ದುಡ್ಡು ಬಿಚ್ಚದೆ ಕೂರೋಕೆ ಜಾಗ ಎಲ್ಲಿದೆ?

ಬ್ಯಾಡಗಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಬ್ಯಾಡಗಿ ಹತ್ತಿರ. ಡಿಗ್ರಿ ಮುಗಿಸಿ ಸರ್ಕಾರಿ ನೌಕರಿ ಪರೀಕ್ಷೆಯ ಕೋಚಿಂಗ್‌ಗೆ ಅಂತ ಧಾರವಾಡಕ್ಕೆ ಬಂದಿದ್ದೇನೆ. ಸಪ್ತಾಪುರದಲ್ಲಿ ರೂಮು. ನಾಲ್ಕು ಮಂಚಕ್ಕೆ ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಪಿಜಿ ಗೋಡೆ. ವಾರವೆಲ್ಲ ಕ್ಲಾಸು, ಉಳಿದ ಹೊತ್ತು ರೀಡಿಂಗ್ ರೂಮು. ರವಿವಾರ ಮಾತ್ರ ನನ್ನದು.

ಆ ರವಿವಾರಕ್ಕೆ ನಿಮ್ಮ ಸಲಹೆ ಬೇಕು. "ನೋಡಲೇಬೇಕಾದ ಹತ್ತು ಜಾಗ" ಅನ್ನೋ ವಿಡಿಯೊ ಬೇಕಾದಷ್ಟು ನೋಡಿದ್ದೇನೆ. ಅಲ್ಲಿಗೆ ಹೋಗಿ ಫೋಟೊ ಹೊಡೆದರೆ ಸ್ವಲ್ಪ ಹೊತ್ತಿಗೆಲ್ಲ ಕೆಲಸ ಮುಗಿಯುತ್ತದೆ. ಆಮೇಲೆ ಏನು ಮಾಡೋದು? ನನಗೆ ಬೇಕಾಗಿರುವುದು ಅರ್ಧ ದಿನ ಸುಮ್ನೆ ಕೂರುವ ಜಾಗ. ಚಾ ತಗೊಳ್ಳದಿದ್ದರೂ ಯಾರೂ ಎಬ್ಬಿಸಬಾರದು. ಬಸ್ ಚಾರ್ಜು ಬಿಟ್ಟು ಬೇರೆ ಖರ್ಚು ಇರಬಾರದು.

ಇನ್ನೊಂದು ಮಾತು. ಸಂಗೀತದ ಊರು, ಸಾಹಿತ್ಯದ ಊರು ಅಂತ ಎಲ್ಲರೂ ಹೇಳುತ್ತಾರೆ. ಸಪ್ತಾಪುರದಲ್ಲಿ ನನಗೆ ಕಾಣೋದು ಕೋಚಿಂಗ್ ಬೋರ್ಡು, ಝೆರಾಕ್ಸ್ ಅಂಗಡಿ, ಮೆಸ್ಸು. ಆ ಊರು ಎಲ್ಲಿದೆ ಸ್ವಲ್ಪ ತೋರಿಸಿ. ಹುಬ್ಬಳ್ಳಿಗೆ ಹೋಗೋದು ಬರೀ ಬಟ್ಟೆ ಖರೀದಿಗೆ ಅಂತಾನೆ ನನ್ನ ರೂಮ್‌ಮೇಟು. ಹೌದಾ?

ಕೆಸಿಡಿ ಹಳೇ ಹುಲಿ

ತಮ್ಮಾ, ಮೊದಲು ನಿನ್ನ ರೂಮಿನಿಂದ ನಡೆದು ಹೋಗೋ ದೂರದಲ್ಲಿ ಏನಿದೆ ನೋಡು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಆಮೇಲೆ ಹತ್ತುವಿಯಂತೆ.

ಕರ್ನಾಟಕ ಕಾಲೇಜಿನ (ಅದೇ ಕೆಸಿಡಿ) ಆವರಣಕ್ಕೆ ಹೋಗು. ಕಾಲೇಜು ಶುರುವಾದದ್ದು 1917ರಲ್ಲಿ, ಆ ದೊಡ್ಡ ಕಲ್ಲಿನ ಕಟ್ಟಡ ಅದಕ್ಕಿಂತ ಹಳೇದು. ಸದರ್ನ್ ಮರಾಠಾ ರೈಲ್ವೆಯ ಕಚೇರಿ ಇದ್ದದ್ದು ಅಲ್ಲಿ. ರೈಲು ಅಂದರೆ ನಮ್ಮದೇ ಅಂತ ಹುಬ್ಬಳ್ಳಿಯವರು ಕೊಚ್ಚಿಕೊಳ್ಳುತ್ತಾರಲ್ಲ, ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದು ಧಾರವಾಡದಲ್ಲಿ! (ಜಗಳಕ್ಕೆ ಬರಬೇಡ್ರಿ, ಸುಮ್ನೆ ಅಂದೆ.)

ಅಲ್ಲಿಂದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ. ಹಳಬರು ಅದನ್ನು ಛೋಟಾ ಮಹಾಬಳೇಶ್ವರ ಅಂತಾರೆ. ಮಳೆಗಾಲದ ಬೆಳಿಗ್ಗೆ ಹೋದರೆ ಯಾಕೆ ಹಾಗಂತಾರೆ ಅಂತ ನಿನಗೇ ಗೊತ್ತಾಗುತ್ತದೆ. ಕ್ಯಾಂಪಸ್ಸಿನ ಒಳಗೆ ಕನ್ನಡ ಸಂಶೋಧನ ಸಂಸ್ಥೆ ಇದೆ, 1939ರದ್ದು. ಅದರ ವಸ್ತುಸಂಗ್ರಹಾಲಯದಲ್ಲಿ ಮೂರ್ತಿ, ಶಾಸನ, ವೀರಗಲ್ಲು ಎಲ್ಲ ಇವೆ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಅಂತ ನೀವೆಲ್ಲ ಇಸವಿ ಬಾಯಿಪಾಠ ಮಾಡುತ್ತೀರಿ. ಒಂದು ವೀರಗಲ್ಲಿನ ಮುಂದೆ ನಿಂತು ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದಿಕೊಂಡು ಹೋಗು. ಕೆಳಗೆ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವನ ಮುಂದೆ ಕೈಮುಗಿದು ಕೂತಿರುತ್ತಾನೆ. ಗೈಡ್ ಪುಸ್ತಕದ ಎರಡು ಪುಟ ಓದಿದರೂ ಇಷ್ಟು ತಲೆಯಲ್ಲಿ ಉಳಿಯುವುದಿಲ್ಲ. ರವಿವಾರ ಬಾಗಿಲು ಹಾಕಿದ್ದರೆ ವಾರದಲ್ಲಿ ಒಂದು ಕ್ಲಾಸು ಬಿಟ್ಟು ಹೋಗು, ಪಾಪ ಬರೋದಿಲ್ಲ.

ಸಂಜೆ ಸಾಧನಕೇರಿ. ಬೇಂದ್ರೆಯವರ ಮನೆ, ಪಕ್ಕದಲ್ಲೇ ಬೇಂದ್ರೆ ಭವನ, ಎದುರಿಗೆ ಕೆರೆ, ಉದ್ಯಾನ. ಕಲ್ಲುಬೆಂಚಿನ ಮೇಲೆ ಕೂತರೆ ಯಾರೂ ಎಬ್ಬಿಸುವುದಿಲ್ಲ. ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಂಡಾಗ ಕೊಡೆ ಹಿಡಿದು ಹೋಗು. ಜನ ಇರುವುದಿಲ್ಲ.

ಕೇಶ್ವಾಪುರದಾಕಿ

ಹುಬ್ಬಳ್ಳಿ ಅಂದರೆ ಬಟ್ಟೆ ಖರೀದಿ ಅಂದ ಆ ರೂಮ್‌ಮೇಟ್‌ನನ್ನು ಒಮ್ಮೆ ಇಲ್ಲಿಗೆ ಕಳಿಸಿ.

ಚಿಗರಿ ಹತ್ತಿ ಉಣಕಲ್‌ನಲ್ಲಿ ಇಳೀರಿ. ಎಲ್ಲರೂ ಕೆರೆ ಹತ್ತಿರ ಹೋಗುತ್ತಾರೆ. ನೀವು ಮೊದಲು ಊರೊಳಗೆ ಹೋಗಿ ಚಂದ್ರಮೌಳೇಶ್ವರ ಗುಡಿ ಎಲ್ಲಿ ಅಂತ ಕೇಳಿ. ಚಾಲುಕ್ಯರ ಕಾಲದ ಗುಡಿ, ಸುತ್ತ ಮನೆಗಳು. ನಾಲ್ಕು ದಿಕ್ಕಿಗೂ ಬಾಗಿಲು ಇದೆ, ನಾಲ್ಕು ಮುಖದ ಲಿಂಗ ಇದೆ. ಬಾದಾಮಿ, ಪಟ್ಟದಕಲ್ಲು ಅಂತ ಬಸ್ ಮಾಡಿಕೊಂಡು ಹೋಗುವ ನಮ್ಮ ಹುಬ್ಬಳ್ಳಿ ಮಂದಿಯಲ್ಲಿ ಎಷ್ಟೋ ಜನ ಈ ಗುಡಿ ನೋಡೇ ಇಲ್ಲ. ಆಮೇಲೆ ಕೆರೆಗೆ ಬನ್ನಿ. ನೀರಿನ ನಡುವೆ ವಿವೇಕಾನಂದರ ಮೂರ್ತಿ, ಸುತ್ತ ಓಡಾಡೋಕೆ ದಾರಿ. ಸಂಜೆ ಹೊತ್ತಿಗೆ ಪಿ.ಬಿ. ರೋಡಿನ ಗದ್ದಲ ಇದ್ದೇ ಇರುತ್ತದೆ, ಅದಕ್ಕೇ ಬೆಳಿಗ್ಗೆ ಹೋಗೋದು ಒಳ್ಳೇದು.

ನೃಪತುಂಗ ಬೆಟ್ಟವನ್ನೂ ಬಿಡಬೇಡಿ. ಮೇಲೆ ನಿಂತರೆ ಊರು ಪೂರ್ತಿ ಕಾಣುತ್ತದೆ. ಮುಂಜಾನೆ ವಾಕಿಂಗ್ ಮಂದಿ ಬರುತ್ತಾರೆ, ಅರ್ಧ ಹುಬ್ಬಳ್ಳಿಯ ರಾಜಕೀಯ ಅಲ್ಲೇ ತೀರ್ಮಾನ ಆಗುತ್ತದೆ.

ಆದರೆ ಒಂದು ಮಾತು ಹೇಳಲೇಬೇಕು. "ಸುಮ್ನೆ ಕೂರೋಕೆ ಜಾಗ" ಅಂತ ನೀವು ಆರಾಮಾಗಿ ಕೇಳಿದಿರಿ. ನಾವು ಹುಡುಗಿಯರು ಪಾರ್ಕಿನಲ್ಲಿ ಒಬ್ಬರೇ ಪುಸ್ತಕ ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಯಾರಾದರೂ ಬಂದು "ಯಾರನ್ನಾದರೂ ಕಾಯ್ತಾ ಇದ್ದೀರಾ?" ಅಂತಾರೆ. ಕಾಲೇಜು ದಿನಗಳಲ್ಲಿ ನಾನು ಹುಡುಕಿಕೊಂಡ ಉಪಾಯ ಇದು: ಪಾರ್ಕಾದರೆ ಬೆಳಿಗ್ಗೆ, ಸಂಜೆಯಾದರೆ ಕಾರ್ಯಕ್ರಮ. ಸಭಾಂಗಣದಲ್ಲಿ ಒಬ್ಬಳೇ ಕೂತ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ.

ನಿವೃತ್ತ ಮಾಸ್ತರ

ತಂಗೀ, ನಿಮ್ಮ ಕೊನೆಯ ಮಾತಿನಿಂದಲೇ ನಾನು ಶುರು ಮಾಡುತ್ತೇನೆ.

ಹುಡುಗ ಸಂಗೀತ ಎಲ್ಲಿದೆ ಅಂತ ಕೇಳಿದ್ದಾನೆ. ಸಂಜೆ ಐದೂವರೆ ಆರು ಗಂಟೆ ಮೇಲೆ ಯಾವುದೋ ಒಂದು ಸಭಾಂಗಣದಲ್ಲಿ ಇರುತ್ತದೆ. ದಿನಪತ್ರಿಕೆಯ ಸ್ಥಳೀಯ ಪುಟದಲ್ಲಿ "ಇಂದಿನ ಕಾರ್ಯಕ್ರಮ" ಅಂತ ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ನಿಮ್ಮ ವಯಸ್ಸಿನವರು ಯಾರೂ ಓದುವುದಿಲ್ಲ. ಅದನ್ನು ಓದಿ. ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಪುಸ್ತಕ ಬಿಡುಗಡೆ, ದತ್ತಿ ಉಪನ್ಯಾಸ ನಡೆಯುತ್ತಲೇ ಇರುತ್ತವೆ. 1890ರಲ್ಲಿ ಹುಟ್ಟಿದ ಸಂಘ. ಏಕೀಕರಣದ ಮಾತು ಅಲ್ಲಿ ಎಷ್ಟು ಆಗಿದೆಯೋ ಲೆಕ್ಕವಿಲ್ಲ. ಸೃಜನಾ ರಂಗಮಂದಿರದಲ್ಲಿ ನಾಟಕ, ಸಂಗೀತ. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಕಲಾಮಂದಿರ. ಬಹಳಷ್ಟಕ್ಕೆ ಟಿಕೆಟ್ ಇರುವುದಿಲ್ಲ. ಪಾಸ್ ಇದೆಯಾ ಅಂತಲೂ ಕೇಳುವುದಿಲ್ಲ. ಹೋಗಿ ಹಿಂದಿನ ಸಾಲಿನಲ್ಲಿ ಕೂರಬೇಕು.

ಶಾಸ್ತ್ರೀಯ ಸಂಗೀತ ತಿಳಿಯುವುದಿಲ್ಲ ಅಂತ ಹೆದರಬೇಡಿ. ಹಾಡು ಶುರುವಾಗುವ ಮೊದಲೇ ಹೋಗಿ, ತಂಬೂರಿ ಶ್ರುತಿ ಮಾಡುವುದನ್ನು ನೋಡಿ. ತಂತಿಯ ಕೆಳಗೆ, ತಂತಿ ಹೊತ್ತ ಪಟ್ಟಿಯ (ಅದಕ್ಕೆ ಕುದುರೆ ಅಂತಾರೆ) ಮೇಲೆ ಒಂದು ದಾರದ ಎಳೆ ಇರುತ್ತದೆ. ಅದನ್ನು ಒಂದು ಕೂದಲಷ್ಟು ಸರಿಸಿ, ಮೀಟಿ, ಕಿವಿ ಕೊಟ್ಟು ಕೇಳಿ, ಮತ್ತೆ ಸರಿಸುತ್ತಾರೆ. ತಬಲಾದವರು ಸಣ್ಣ ಸುತ್ತಿಗೆ ತೆಗೆದು ಅಂಚಿಗೆ ಬಡಿಯುತ್ತಾರೆ. ಸಭೆಯಲ್ಲಿ ಒಬ್ಬರೂ ಗಡಿಯಾರ ನೋಡುವುದಿಲ್ಲ. ಆಮೇಲೆ ವಿಲಂಬಿತ ಖಯಾಲ್, ಅಂದರೆ ನಿಧಾನಗತಿಯ ಹಾಡು, ಶುರುವಾದಾಗ ಗಾಯಕರನ್ನು ಬಿಟ್ಟು ಮುಂದಿನ ಸಾಲಿನ ಅಜ್ಜಂದಿರನ್ನು ನೋಡಿ. ಗಾಯಕರು ಎಲ್ಲೆಲ್ಲೋ ಸುತ್ತಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಂತ ಕೂಡಲೇ ಅಷ್ಟೂ ತಲೆಗಳು ಒಟ್ಟಿಗೆ ಅಲ್ಲಾಡುತ್ತವೆ. ತಾಳದ ಮೂರು ಸುತ್ತು ಕಳೆಯುವಷ್ಟರಲ್ಲಿ ಸಮ್ ಎಲ್ಲಿ ಬರುತ್ತದೆ ಅಂತ ನಿಮ್ಮ ತಲೆಗೂ ಗೊತ್ತಾಗುತ್ತದೆ. ನನಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. ಹೀಗೇ ಕಲಿತೆ.

ಹಗಲಿನಲ್ಲಿ ಹೋಗುವುದಾದರೆ ಮಲ್ಲಿಕಾರ್ಜುನ ಮನ್ಸೂರರ ಮನೆ "ಮೃತ್ಯುಂಜಯ" ಧಾರವಾಡದಲ್ಲೇ ಇದೆ, ಈಗ ಸ್ಮಾರಕ. ಮನ್ಸೂರ ಅನ್ನುವುದು ಧಾರವಾಡ ಹತ್ತಿರದ ಹಳ್ಳಿ. 1910ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಜೈಪುರ-ಅತ್ರೌಲಿ ಘರಾಣೆಯನ್ನು, ಅಂದರೆ ಆ ಗಾಯನ ಪರಂಪರೆಯನ್ನು, ಧಾರವಾಡಕ್ಕೆ ತಂದು ಕೂರಿಸಿದರು. ಇನ್ನು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಕಿರಾನಾ ಘರಾಣೆ. ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನೀವು ಬ್ಯಾಡಗಿಯವರು ಅಂದಿರಿ. ಊರಿಗೆ ಹೋಗುವಾಗ ಅದೇ ಹಳಿಯ ಮೇಲೆ ಹೋಗುತ್ತೀರಿ. ಕುಂದಗೋಳ ಸ್ಟೇಷನ್ ಬಂದಾಗ ಮೊಬೈಲ್‌ನಿಂದ ಒಮ್ಮೆ ತಲೆ ಎತ್ತಿ.

ಖಾಕಿ ಕನಸು

ಸಾರಿ, ನನಗೆ ಇದು ಸರಿ ಕಾಣ್ತಿಲ್ಲ. ಅಪ್ಪ ಅಮ್ಮ ಮೆಣಸಿನಕಾಯಿ ಮಾರಿ ಕಳಿಸಿದ ದುಡ್ಡು. ಹುಡುಗ ಬಂದಿರೋದು ಓದೋಕೆ. ನಾನೂ ಸಪ್ತಾಪುರದಲ್ಲೇ ಇದ್ದೇನೆ. ಗುಡಿ, ಕೆರೆ, ಖಯಾಲ್ ಅಂತ ತಿರುಗಿದವರು ಯಾರೂ ಸೆಲೆಕ್ಷನ್ ಲಿಸ್ಟ್‌ನಲ್ಲಿ ಬಂದಿಲ್ಲ. ರವಿವಾರ ಟೆಸ್ಟ್ ಸೀರೀಸ್ ಬರೀರಿ. ನೌಕರಿ ಆರ್ಡರ್ ಕೈಗೆ ಬಂದ ಮೇಲೆ ಇಡೀ ಕರ್ನಾಟಕ ತಿರುಗಿ, ಯಾರು ಬೇಡ ಅಂತಾರೆ?

ಕೇಶ್ವಾಪುರದಾಕಿ

ಅಣ್ಣಾ, ತಿರುಗಿದವರು ಲಿಸ್ಟ್‌ನಲ್ಲಿ ಬಂದಿಲ್ಲ ಅಂತ ನಿಮಗೆ ಹೇಗೆ ಗೊತ್ತು? ನಾನು ಬಂದಿದ್ದೇನೆ. ಈಗ ಸರ್ಕಾರಿ ಕಚೇರಿಯಲ್ಲಿ ಫೈಲ್ ಕಟ್ಟಿಕೊಂಡು ಕೂತಿದ್ದೇನೆ. ತಿರುಗಿದ್ದರಿಂದ ಪಾಸಾದೆ ಅಂತ ಹೇಳುತ್ತಿಲ್ಲ. ಓದಿದ್ದರಿಂದಲೇ ಪಾಸಾದೆ. ಆದರೆ ರಿಸಲ್ಟು ಮುಂದಕ್ಕೆ ಹೋದ ಆ ತಿಂಗಳುಗಳಲ್ಲಿ ರೂಮಿನಲ್ಲೇ ಕೂತಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಕೆಸಿಡಿ ಹಳೇ ಹುಲಿ

ಖಾಕಿ ಕನಸಿನವರು ಹೇಳಿದ್ದರಲ್ಲಿ ಒಂದು ಮಾತು ಖರೆ, ದುಡ್ಡಿನ ವಿಚಾರ. ಅದಕ್ಕೇ ಅಲ್ಲವೇ ಹುಡುಗ ದುಡ್ಡಿಲ್ಲದ ಜಾಗ ಕೇಳಿದ್ದು? ಆದರೆ ಆರ್ಡರ್ ಬಂದ ಮೇಲೆ ತಿರುಗೋದು ಅನ್ನೋದನ್ನು ನಾನು ಒಪ್ಪೋದಿಲ್ಲ. ಆರ್ಡರ್ ಬಂದವರನ್ನು ಕಂಡಿದ್ದೇನೆ. ಅವರಿಗೆ ರವಿವಾರ ಅಂದರೆ ನಿದ್ದೆ, ಸೈಟು, ಮದುವೆ ಮುಂಜಿ.

ದುರ್ಗದಬೈಲ್ ಗಿರಾಕಿ

ನೀವೆಲ್ಲ ಗುಡಿ ಗುಂಡಾರ, ಸಂಗೀತ ಅಂತ ಹೊಟ್ಟೆ ವಿಚಾರ ಮರೆತೇಬಿಟ್ಟಿರಿ. ದುಡ್ಡು ಬಿಚ್ಚೋದಿಲ್ಲ ಅಂದರೂ ಸಂಜೆ ದುರ್ಗದಬೈಲಿಗೆ ಬಂದು ಒಂದು ಪ್ಲೇಟ್ ಗಿರಮಿಟ್ ತಿನ್ನದೆ ಹೋದರೆ ಹುಬ್ಬಳ್ಳಿ ನೋಡಿದ ಹಾಗಲ್ಲ. ತಿನ್ನೋಕೆ ಮುಂಚೆ ಮಾಡೋದು ನೋಡಿ. ಹುಣಸೆಹುಳಿ, ಬೆಲ್ಲ, ಉಳ್ಳಾಗಡ್ಡಿ ಹಾಕಿ ಕುದಿಸಿದ ಅರಿಶಿಣ ಬಣ್ಣದ ಗೊಜ್ಜು ಒಂದು ಬದಿಗೆ ಇರುತ್ತದೆ. ಅದನ್ನು ಚುರುಮುರಿಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಬುಟ್ಟಿಯನ್ನು ಮೇಲಕ್ಕೆ ಹಾರಿಸಿ ಹಾರಿಸಿ ಕಲಸುತ್ತಾರೆ. ಮೇಲೆ ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಸೇವು. ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ಕಲಸಿದ ಕೂಡಲೇ ತಿನ್ನಬೇಕು. ಫೋಟೊ ತೆಗೆಯೋಕೆ ನಿಂತರೆ ಚುರುಮುರಿ ಮೆತ್ತಗಾಗುತ್ತದೆ, ಆಮೇಲೆ ನನ್ನನ್ನು ಬೈಬೇಡಿ.

ದುಡ್ಡೇ ಇಲ್ಲದೆ ಊಟ ಬೇಕಂದರೆ ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠ. ಪ್ರಸಾದಕ್ಕೆ ಯಾರು, ಎಲ್ಲಿಯವರು ಅಂತ ಕೇಳುವುದಿಲ್ಲ. ಊಟ ಮಾಡಿ ಕಂಬಕ್ಕೆ ಒರಗಿ ಕೂರಿ, ಅದಕ್ಕೂ ಯಾರೂ ಏನೂ ಅನ್ನುವುದಿಲ್ಲ. ಶಿವರಾತ್ರಿ ಜಾತ್ರೆಗೆ ಮಾತ್ರ ಕಾಲಿಡೋಕೆ ಜಾಗ ಇರುವುದಿಲ್ಲ.

ರೈಲ್ವೆ ಸ್ಟೇಷನ್ ಹೆಸರೂ ಈಗ ಅವರದ್ದೇ. 1,507 ಮೀಟರ್ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಈ ತುದಿಯಿಂದ ಆ ತುದಿಗೆ ನಡೆದು ಬಂದರೆ ಮೂರು ಕಿಲೋಮೀಟರ್ ವಾಕಿಂಗ್ ಆಯ್ತು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ, ಟಿಸಿ ಕೈಗೆ ಸಿಕ್ಕರೆ ಗಿರಮಿಟ್ ದುಡ್ಡೂ ಹೋಗುತ್ತದೆ. ಗದಗ ರಸ್ತೆ ಕಡೆಯ ಬಾಗಿಲ ಹತ್ತಿರ ರೈಲು ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟ ಎರಡು ಹಳೇ ರೈಲ್ವೆ ಮನೆಗಳಲ್ಲಿ ಹಳೇ ಸಾಮಾನೆಲ್ಲ ಜೋಡಿಸಿಟ್ಟಿದ್ದಾರೆ. ಕೆಸಿಡಿ ಹುಲಿಯವರು ಒಮ್ಮೆ ಬಂದು ನೋಡಲಿ. ಸಾಹೇಬರು ಎಲ್ಲಿ ಕೂತಿದ್ದರೇನು, ಇಂಜಿನ್ ರಿಪೇರಿ ಆಗಿದ್ದು ನಮ್ಮ ವರ್ಕ್‌ಶಾಪ್‌ನಲ್ಲಿ!

ಬ್ಯಾಡಗಿ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟೊಂದು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ಖಾಕಿ ಕನಸು ಅಣ್ಣ, ನಿಮ್ಮ ಮಾತು ನನ್ನ ತಲೆಯಲ್ಲೂ ಇದೆ. ಅದಕ್ಕೇ ಬೆಳಿಗ್ಗೆ ಟೆಸ್ಟ್ ಬರೆದು ಆಮೇಲೆ ಹೊರಟೆ.

ಮೊದಲು ಉಣಕಲ್. ಗುಡಿ ಹುಡುಕಲು ಒಂದು ಓಣಿಯಲ್ಲಿ ಅಜ್ಜಿಯನ್ನು ಕೇಳಿದೆ. ದಾರಿ ತೋರಿಸುವ ಮೊದಲು ಯಾವೂರು, ಯಾರ ಪೈಕಿ, ಏನು ಓದುತ್ತಿ ಎಲ್ಲ ಕೇಳಿಕೊಂಡರು. ಗುಡಿಯಲ್ಲಿ ನಾನು, ಅಂಗಳದಲ್ಲಿ ಆಡುತ್ತಿದ್ದ ಹುಡುಗರು, ಅಷ್ಟೇ. ಒಳಗೆ ಕೂತರೆ ನಾಲ್ಕೂ ಬಾಗಿಲಿನಿಂದ ಗಾಳಿ. ಹೊರಗೆ ಅಷ್ಟು ಬಿಸಿಲಿದ್ದರೂ ಕಲ್ಲು ತಣ್ಣಗಿತ್ತು. ಒಂದು ಕಂಬದಲ್ಲಿ ಉಂಗುರದ ಹಾಗೆ ಗೆರೆಗಳು ಸುತ್ತಿಕೊಂಡು ಹೋಗಿವೆ, ಬೆರಳು ಇಟ್ಟರೆ ಎಲ್ಲೂ ಏರುಪೇರು ಸಿಗುವುದಿಲ್ಲ. ಕಂಬಗಳನ್ನು ತಿರುಗಣಿಯಲ್ಲಿ ಕಡೆಯುತ್ತಿದ್ದರು ಅಂತ ನಮ್ಮ ನೋಟ್ಸ್‌ನಲ್ಲಿ ಒಂದು ಸಾಲು ಇದೆ. ಆ ಸಾಲನ್ನು ಇನ್ನು ಮರೆಯುವುದಿಲ್ಲ.

ಕೆರೆ ಹತ್ತಿರ ಜಾಸ್ತಿ ಹೊತ್ತು ಕೂರಲಿಲ್ಲ. ಜನ ಬಹಳ. ಬೇರೊಂದು ಉದ್ಯಾನದಲ್ಲಿ ಬೆಂಚಿನ ಮೇಲೆ ಪುಸ್ತಕ ತೆಗೆದೆ, ವಾಚ್‌ಮನ್ ಸೀಟಿ ಊದಿದರು. ನನಗಲ್ಲ, ಆಚೆ ಬೆಂಚಿನ ಜೋಡಿಗೆ. ಆದರೂ ಎದ್ದು ಹೊರಟೆ.

ಮಾಸ್ತರ್ ಸರ್, ಗುರುವಾರ ಪತ್ರಿಕೆಯಲ್ಲಿ ನೀವು ಹೇಳಿದ ಆ ಸಣ್ಣ ಅಕ್ಷರ ಓದಿದೆ. ಸಂಜೆ ಒಂದು ಕಾರ್ಯಕ್ರಮಕ್ಕೆ ಹೋದೆ. ರಾಗ ಯಾವುದು ಅಂತ ಗೊತ್ತಾಗಲಿಲ್ಲ. ಮೊದಲ ಅರ್ಧ ಗಂಟೆ ನಿದ್ದೆ ಬಂತು, ಸುಳ್ಳು ಹೇಳೋದಿಲ್ಲ. ಆಮೇಲೆ ಅಜ್ಜಂದಿರ ತಲೆ ನೋಡುತ್ತಾ ಕೂತೆ. ನೀವು ಹೇಳಿದ ಹಾಗೇ ಆಯ್ತು! ದ್ರುತ್ (ವೇಗದ ಭಾಗ) ಬರುವ ಹೊತ್ತಿಗೆ ತೊಡೆಯ ಮೇಲೆ ಬೆರಳು ತಾನಾಗಿ ಬಡಿಯುತ್ತಿತ್ತು. ಮುಗಿದ ಮೇಲೂ ಯಾರೂ ಮನೆಗೆ ಹೋಗುವುದಿಲ್ಲ ಅನ್ನೋದು ನನಗೆ ಆಶ್ಚರ್ಯ. ಅಂಗಳದಲ್ಲಿ ಇಬ್ಬರು ಹಿರಿಯರು ನಿಷಾದ ಸ್ವರ ಸರಿಯಾಗಿ ಹಚ್ಚಿದರೋ ಇಲ್ಲವೋ ಅಂತ ವಾದ ಹಚ್ಚಿಕೊಂಡಿದ್ದರು. ನಾನು ಸ್ಕೂಟರ್ ಹತ್ತಿರ ನಿಂತು ಕೇಳಿದೆ. ಒಬ್ಬರು ನನ್ನ ಕಡೆ ತಿರುಗಿ "ನೀ ಏನಂತೀಯೋ?" ಅಂದರು. ಚೆನ್ನಾಗಿತ್ತು ಸರ್ ಅಂದೆ. ಇಬ್ಬರೂ ನಕ್ಕರು.

ನಿವೃತ್ತ ಮಾಸ್ತರ

ನಿದ್ದೆ ಬಂದರೂ ಅಡ್ಡಿಯಿಲ್ಲ. ನನ್ನ ಗೆಳೆಯರೊಬ್ಬರು ಪ್ರತಿ ಕಛೇರಿಯಲ್ಲೂ ಮಲಗುತ್ತಾರೆ, ಸಮ್‌ಗೆ ಮಾತ್ರ ಎಚ್ಚರ ಇರುತ್ತಾರೆ.

ಗದಗಿನವ

ತಡವಾಗಿ ಬಂದೆ. ಅವಳಿ ನಗರದವರ ಜಗಳದಲ್ಲಿ ನಮ್ಮನ್ನು ಮರೆತಿದ್ದೀರಿ.

ಹುಬ್ಬಳ್ಳಿಯಿಂದ ಗದಗಕ್ಕೆ ರೈಲಿದೆ, ಬಸ್ಸಿದೆ. ವೀರನಾರಾಯಣ ಗುಡಿಗೆ ಬನ್ನಿ, ಕುಮಾರವ್ಯಾಸ ಕೂತು ಬರೆದ ಅಂತ ಹೇಳುವ ಕಂಬ ಅಲ್ಲಿದೆ. ಸಂಗೀತದ ಮಾತು ಬಂದ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೆಸರು ಯಾರೂ ಎತ್ತಲಿಲ್ಲ ಅನ್ನೋದೇ ನನಗೆ ಬೇಜಾರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರು. ಅಂಥದೇ ಮಕ್ಕಳನ್ನು ಕರೆತಂದು, ಊಟ ಹಾಕಿ, ಹಾಡು ಕಲಿಸಿದರು. ಬೆಳಿಗ್ಗೆ ಆಶ್ರಮಕ್ಕೆ ಹೋದರೆ ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಇನ್ನೊಂದು ಮೂಲೆಯಲ್ಲಿ ತಬಲಾ, ಮತ್ತೊಂದು ಕಡೆ ಸರಳೆ, ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಭೀಮಸೇನ ಜೋಶಿಯವರೂ ನಮ್ಮ ಜಿಲ್ಲೆಯವರೇ, ನೆನಪಿರಲಿ.

ಟೈಮ್ ಉಳಿದರೆ ಲಕ್ಕುಂಡಿ, ಗದಗದಿಂದ 12 ಕಿಲೋಮೀಟರ್. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ಮೆಟ್ಟಿಲು ಇಳಿದು ಹೋಗೋ ಮುಸುಕಿನ ಬಾವಿ. ಉಣಕಲ್ ಗುಡಿಯ ಕಂಬ ಸವರಿ ಬೆರಗಾದ ಹುಡುಗ ಕಾಶಿ ವಿಶ್ವೇಶ್ವರದ ಬಾಗಿಲವಾಡ ನೋಡಿದರೆ ಅಲ್ಲೇ ರೂಮು ಮಾಡುತ್ತಾನೆ.

ಕೇಶ್ವಾಪುರದಾಕಿ

ಲಕ್ಕುಂಡಿಗೆ ನಾವು ಗೆಳತಿಯರು ಹೋಗಿ ಬಂದೆವು. ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, ನಮಗೆ ಟಿಕೆಟ್ ದುಡ್ಡೂ ಇಲ್ಲ. ಬ್ಯಾಡಗಿಯವರೇ, ಈ ಒಂದು ವಿಷಯದಲ್ಲಿ ನಿಮಗಿಂತ ನಾವು ಮುಂದೆ.

ಖಾಕಿ ಕನಸು

ಎಲ್ಲ ಓದಿದೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಗಿರಮಿಟ್ ವರ್ಣನೆ ಓದಿದ ಮೇಲೆ ಇವತ್ತು ಮೆಸ್ಸಿನ ಸಾರು ಗಂಟಲಲ್ಲಿ ಇಳೀಲಿಲ್ಲ. ದುರ್ಗದಬೈಲ್ ಎಷ್ಟು ಹೊತ್ತಿನವರೆಗೆ ಇರುತ್ತದೆ?

ದುರ್ಗದಬೈಲ್ ಗಿರಾಕಿ

ಅಂಗಡಿ ರಾತ್ರಿವರೆಗೂ ಇರುತ್ತವೆ ಅಣ್ಣಾ, ನಿಮ್ಮ ಚಿಗರಿ ಇರಬೇಕಲ್ಲ. ವಾಪಸ್ ಬಸ್ ಟೈಮ್ ಇಳಿಯುವಾಗಲೇ ಸ್ಟಾಪಿನಲ್ಲಿ ಕೇಳಿಟ್ಟುಕೊಳ್ಳಿ. ಏಳು ಗಂಟೆಗೆ ಬಂದರೆ ಆರಾಮ. ಟೆಸ್ಟ್ ಮುಗಿಸಿಯೇ ಬನ್ನಿ.

ಬ್ಯಾಡಗಿ ಹುಡುಗ

ಅಣ್ಣಾ, ನಾವಿಬ್ಬರೂ ಸಪ್ತಾಪುರದಲ್ಲೇ ಇದ್ದೇವೆ. ಒಟ್ಟಿಗೆ ಹೋಗೋಣ. ದಾರಿಯಲ್ಲಿ ಕರೆಂಟ್ ಅಫೇರ್ಸ್ ಬೇಕಾದರೂ ಕೇಳಿ, ಹೇಳ್ತೀನಿ. ನವಲೂರ ಪೇರಲಹಣ್ಣು ಬಂದಿದ್ದರೆ ಅಲ್ಲೊಮ್ಮೆ ಇಳಿಯಬೇಕು ಅಂತಲೂ ಇದೆ.

ಗದಗಿನವರೇ, ಈ ತಿಂಗಳು ಆಗೋದಿಲ್ಲ, ಕೈ ಖಾಲಿ. ಹಬ್ಬಕ್ಕೆ ಊರಿಗೆ ಹೋಗುವಾಗ ಕುಂದಗೋಳದಲ್ಲಿ ಇಳಿದು ಸವಾಯಿ ಗಂಧರ್ವರ ಊರು ನೋಡಿ, ಮುಂದಿನ ಗಾಡಿಗೆ ಬ್ಯಾಡಗಿಗೆ ಹೋಗಬೇಕು ಅಂದುಕೊಂಡಿದ್ದೇನೆ. ಅಲ್ಲಿ ನಿಲ್ಲುವ ಪ್ಯಾಸೆಂಜರ್ ಯಾವುದು, ಮಧ್ಯೆ ಎಷ್ಟು ಹೊತ್ತು ಸಿಗುತ್ತದೆ ಅಂತ ಗೊತ್ತಿರುವವರು ಯಾರಾದರೂ ಹೇಳಿ.

ನಿವೃತ್ತ ಮಾಸ್ತರ

ಕುಂದಗೋಳಕ್ಕೆ ನಾನೂ ಹೋಗದೆ ಬಹಳ ದಿನ ಆಯ್ತು. ಸ್ಟೇಷನ್ನಿಗೆ ಹೋಗಿ ವೇಳಾಪಟ್ಟಿ ನೋಡಿಕೊಂಡು ಬಂದು ಇಲ್ಲೇ ಹಾಕುತ್ತೇನೆ. ನೀವು ಹಬ್ಬಕ್ಕೆ ಹೊರಡುವ ತಾರೀಖು ತಿಳಿಸಿ, ಕುಂದಗೋಳದವರೆಗೆ ನಾನೂ ಬರುತ್ತೇನೆ.